ಸರ್ವರ್ ಯಾರ ಕೈಯಲ್ಲಿದೆ?

ಶಿರಸಿಯ ಅಂಚೆ ಡಬ್ಬಿಗೆ ಹಾಕಿದ ಕಾಗದ ಸಿದ್ದಾಪುರಕ್ಕೂ ಹೋಗುತ್ತದೆ, ಲಂಡನ್ನಿಗೂ ಹೋಗುತ್ತದೆ. ಎರಡು ದೇಶದ ಅಂಚೆಗೆ ಒಬ್ಬನೇ ಒಡೆಯನಿಲ್ಲ. 1874ರಲ್ಲಿ ಬರ್ನ್ ನಗರದಲ್ಲಿ ದೇಶಗಳು ಮಾಡಿಕೊಂಡ ಒಪ್ಪಂದವಿದೆ, ಅಷ್ಟೆ. ಫೇಸ್‌ಬುಕ್, ಎಕ್ಸ್ ಹಾಗಲ್ಲ. ಡಬ್ಬಿಯೂ ಅವರದೇ, ಅಂಚೆಯವನೂ ಅವರವನೇ, ಕಾಗದ ಒಡೆದು ಓದುವವರೂ ಅವರೇ.

ಇದರ ಬಿಸಿ ಜೋರಾಗಿ ತಟ್ಟಿದ್ದು 2019ರ ನವೆಂಬರಿನಲ್ಲಿ. ಪತ್ರಕರ್ತ ದಿಲೀಪ್ ಮಂಡಲ್ ಅವರ ಖಾತೆಗೆ ಟ್ವಿಟರ್ (ಈಗಿನ ಎಕ್ಸ್) ಬೀಗ ಹಾಕಿತು. ನೀಲಿ ಗುರುತು ಹಂಚುವುದರಲ್ಲೂ ಜಾತಿಯಿದೆ ಎಂದು ಬಹುಜನ ಬರಹಗಾರರು ಕೂಗೆಬ್ಬಿಸಿದರು. ಅದೇ ದಿನಗಳಲ್ಲಿ ವಕೀಲ ಸಂಜಯ್ ಹೆಗ್ಡೆಯವರ ಖಾತೆಯೂ ಹೋಯಿತು. ಸಾವಿರಾರು ಜನ ಮಾಸ್ಟೊಡಾನ್ ಕಡೆ ಹೊರಟರು.

ಮಾಸ್ಟೊಡಾನ್ ಅಂದರೆ ಯಾರು ಬೇಕಾದರೂ ಇಟ್ಟುಕೊಳ್ಳಬಹುದಾದ ತಂತ್ರಾಂಶ, 2016ರದು. ಒಂದೊಂದು ಸರ್ವರಿಗೂ ಬೇರೆ ಯಜಮಾನ, ಬೇರೆ ಕಟ್ಟಳೆ. ಸರ್ವರುಗಳ ನಡುವೆ ಮಾತು ಸಾಗಿಸುವ ಒಪ್ಪಂದಕ್ಕೆ ಪ್ರೋಟೊಕಾಲ್ ಅಂತಾರೆ. ಇಲ್ಲಿಯದು ಆಕ್ಟಿವಿಟಿಪಬ್, 2018ರಲ್ಲಿ ಅಂಗೀಕಾರವಾದದ್ದು. ಯಲ್ಲಾಪುರದ ಸಿದ್ದಿ ಯುವಕರು ತಮ್ಮದೊಂದು ಸರ್ವರ್ ತೆರೆದರೆ ಬರ್ಲಿನ್ನಿನ ಸರ್ವರಿನಲ್ಲಿರುವವರೂ ಓದಬಹುದು, ಉತ್ತರಿಸಬಹುದು. ಯಜಮಾನ ಸರಿಯಿಲ್ಲವೆ? ಬೇರೆ ಸರ್ವರಿಗೆ ಹೋಗಿ. ನಿಮ್ಮ ಹಿಂಬಾಲಕರು ಜೊತೆಗೇ ಬರ್ತಾರೆ. ಹಳೇ ಬರಹ ಮಾತ್ರ ಅಲ್ಲೇ ಉಳಿಯುತ್ತದೆ.

ಈ ಹಕ್ಕು ಸಣ್ಣದಲ್ಲ. ಊರು ಬಿಟ್ಟರೆ ನಂಟೂ ಬಿಡಬೇಕಾಗಿದ್ದವರಿಗೆ ಅದರ ಬೆಲೆ ಗೊತ್ತು. ಆದರೆ ವಿಕೇಂದ್ರೀಕರಣ ಅಂದ ಕೂಡಲೇ ಚಪ್ಪಾಳೆ ತಟ್ಟುವವರನ್ನು ಕಂಡರೆ ನನಗೆ ಅನುಮಾನ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯಲ್ಲ, ವ್ಯಕ್ತಿಯೇ ಘಟಕವಾಗಬೇಕೆಂದು ನಿಂತರು. ದೂರದ ದೊರೆಗಿಂತ ಪಕ್ಕದ ಪಟೇಲನ ಹಿಡಿತ ಬಿಗಿ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಸರ್ವರ್ ಕೂಡ ಒಂದು ಊರೇ. ಒಂದು ಇನ್ನೊಂದರ ಜೊತೆ ಮಾತು ನಿಲ್ಲಿಸಬಹುದು. 2019ರಲ್ಲಿ ಬಲಪಂಥೀಯರ ಗ್ಯಾಬ್ ಮಾಸ್ಟೊಡಾನ್ ತಂತ್ರಾಂಶಕ್ಕೆ ಬಂದಾಗ ಬಹಳ ಸರ್ವರುಗಳು ಅದನ್ನು ಹೊರಗಿಟ್ಟವು. ಒಳ್ಳೆಯದೇ. ಅದೇ ಕತ್ತಿ ನಮ್ಮ ಮೇಲೂ ಬೀಸಬಹುದು. ಅದರ ಹಳೇ ಹೆಸರು ಬಹಿಷ್ಕಾರ. ಸಂದೇಶ ಹೇಗೆ ಹೋಗಬೇಕು ಎಂಬುದು ಪ್ರೋಟೊಕಾಲಿನಲ್ಲಿದೆ, ಜಾತಿ ಬೈಗುಳ ಕೂಡದು ಎಂಬುದಿಲ್ಲ. ಅದನ್ನು ಆಯಾ ಸರ್ವರಿನವರೇ ಬರೀಬೇಕು.

1920ರಲ್ಲಿ ‘ಮೂಕನಾಯಕ’ ಹೊರಟಾಗ ದುಡ್ಡು ಕೊಡ್ತೀವಿ ಅಂದರೂ ‘ಕೇಸರಿ’ ಅದರ ಜಾಹೀರಾತು ಹಾಕಲಿಲ್ಲ. ಪತ್ರಿಕೆ ಹೊರಬಂದೇ ಬಂತು. ನಮ್ಮ ಶಿರಸಿ, ಸಿದ್ದಾಪುರದ ಗೆಳೆಯರು ಸರ್ವರ್ ಇಡುವುದಾದರೆ ತಂತ್ರಾಂಶಕ್ಕೆ ಕಾಸಿಲ್ಲ. ತಿಂಗಳ ಬಾಡಿಗೆ ಇದೆ, ಬೈಗುಳ ಬಂದರೆ ಅಪರಾತ್ರಿಯಲ್ಲೂ ಎದ್ದು ಅಳಿಸುವ ಇಬ್ಬರು ಬೇಕು. ಮಳೆಗಾಲದ ಕರೆಂಟು ನಂಬಿ ಯಂತ್ರ ಮನೇಲಿಡೋದು ಬೇಡ. ಕಟ್ಟಳೆಯ ಮೊದಲ ಸಾಲಿನಲ್ಲೇ ಜಾತಿ ಎಂಬ ಪದ ಬರೆಯಿರಿ. ಪಾಸ್‌ವರ್ಡು ಒಬ್ಬರ ಕೈಲೇ ಇರೋದು ಬೇಡ.