ಗಾಳಿಗೂ ಬಿಲ್ಲೇ? ನೀರಿನ ಮೀಟರುಗಳ ಒಳಗುಟ್ಟು

ವಿಜಯಪುರ ನಗರಕ್ಕೆ ಕೃಷ್ಣೆಯ ನೀರು ಕೊಲ್ಹಾರದ ಕಡೆಯಿಂದ ಕೊಳವೆಯಲ್ಲಿ ಬರುತ್ತದೆ. ನದಿಯಿಂದ ಎತ್ತಿದ್ದೆಷ್ಟು, ಸೊಲ್ಲಾಪುರ ರಸ್ತೆಯ ಮನೆಗಳಿಗೆ ತಲುಪಿದ್ದೆಷ್ಟು ಎಂದು ಅಳೆಯದೆ ಸೋರಿಕೆಯ ಲೆಕ್ಕ ಸಿಗದು. ಆದರೆ ಎರಡೂ ಕಡೆ ಒಂದೇ ಬಗೆಯ ಮೀಟರು ಸಲ್ಲದು.

ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಪುಟ್ಟ ಚಕ್ರ ತಿರುಗುವ ಯಾಂತ್ರಿಕ ಮೀಟರು. ಬೆಲೆ ಕಡಿಮೆ, ವಿದ್ಯುತ್ ಬೇಡ. ತೊಡಕೆಲ್ಲ ನೀರು ದಿನ ಬಿಟ್ಟು ದಿನ ಬರುವ ಊರುಗಳಲ್ಲಿ. ಬರಿದಾದ ಕೊಳವೆಗೆ ನೀರು ನುಗ್ಗಿದಾಗ ಅಲ್ಲಿದ್ದ ಗಾಳಿ ರಭಸದಿಂದ ಹೊರಬೀಳುತ್ತದೆ. ಚಕ್ರಕ್ಕೆ ಗಾಳಿ, ನೀರೆಂಬ ಭೇದವಿಲ್ಲ, ತಿರುಗಿಬಿಡುತ್ತದೆ. ಗಾಳಿಗೂ ಹಣ ತೆರಬೇಕೆ ಎಂಬ ದೂರು ಹುಟ್ಟುವುದು ಇಲ್ಲಿಯೇ. ಚಕ್ರ ಸವೆದು ಮೀಟರು ಕಡಿಮೆ ತೋರಿಸುವುದೂ ಉಂಟು; ಆ ಬಗ್ಗೆ ಮಾತ್ರ ಯಾರೂ ದೂರುವುದಿಲ್ಲ!

ದೊಡ್ಡ ಕೊಳವೆಗಳಲ್ಲಿ ಹಿಂದಿನಿಂದಲೂ ಬಳಕೆಯಲ್ಲಿರುವುದು ವೆಂಚುರಿ ಮೀಟರು. ಇಕ್ಕಟ್ಟಾದ ಭಾಗದಲ್ಲಿ ನೀರಿನ ವೇಗ ಹೆಚ್ಚಿ ಒತ್ತಡ ಇಳಿಯುವುದನ್ನು ಅದು ಅಳೆಯುತ್ತದೆ. ಹರಿವು ಕಾಲುಭಾಗಕ್ಕೆ ಇಳಿದರೆ ಒತ್ತಡದ ವ್ಯತ್ಯಾಸ 16ರಲ್ಲಿ ಒಂದು ಪಾಲಾಗುವುದರಿಂದ ಸಣ್ಣ ಹರಿವಿನ ಲೆಕ್ಕ ನೆಚ್ಚುವಂತಿಲ್ಲ.

ವಿದ್ಯುತ್ಕಾಂತೀಯ ಮೀಟರಿನಲ್ಲಿ ತಿರುಗುವ ಭಾಗವೇ ಇಲ್ಲ. ಕಾಂತಕ್ಷೇತ್ರವನ್ನು ಹಾಯುವ ನೀರು ತನ್ನ ವೇಗಕ್ಕೆ ತಕ್ಕಂತೆ ವಿದ್ಯುತ್ ಒತ್ತಡ ಹುಟ್ಟಿಸುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ವವಿದು. ಕೆಸರು ನೀರಿಗೂ ಸೈ. ಅಲ್ಟ್ರಾಸಾನಿಕ್ ಮೀಟರನ್ನು ಕೊಳವೆ ಕತ್ತರಿಸದೆ ಹೊರಗಿನಿಂದಲೇ ಬಿಗಿಯಬಹುದು, ತಪಾಸಣೆಗೆ ಅನುಕೂಲ. ಒಳಗೆ ತುಕ್ಕು ಕಟ್ಟಿದ ಹಳೆಯ ಕೊಳವೆಯಲ್ಲಿ ಎಡವುತ್ತದೆ.

ಇವೆರಡಕ್ಕೂ ಕೊಳವೆ ತುಂಬಿ ಹರಿಯಬೇಕು. ಹಾಗಾಗಿ ಗಾಳಿಯ ತಕರಾರಿಗೆ ದುಬಾರಿ ಮೀಟರಿಗಿಂತ, ಕೊಳವೆಯ ಎತ್ತರದ ಜಾಗಗಳಲ್ಲಿ ಗಾಳಿ ಬಿಡುವ ವಾಲ್ವು ಮತ್ತು ನಿರಂತರ ಪೂರೈಕೆಯೇ ಮದ್ದು. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಲ್ಲಿ ಮನೆಮನೆಯ ಮೀಟರು ಬಂದದ್ದು 24 ಗಂಟೆಯ ನೀರಿನೊಂದಿಗೇ.