ಪುಸ್ತಕ ಹೇಳಿದ್ದೊಂದು, ಪರದೆ ತೋರಿಸಿದ್ದೊಂದು!

ಕೆಂಗೇರಿ ಬೋರ್ಡು ಹಾಕಿಕೊಂಡ ಬಸ್ಸು ಬಸವೇಶ್ವರನಗರದ ಕಡೆ ತಿರುಗಿದರೆ ಪ್ರಯಾಣಿಕರು ಸುಮ್ಮನಿರುತ್ತಾರೆಯೇ? ‘ಏನ್ರೀ ಕಂಡಕ್ಟರ್, ಬೋರ್ಡು ನೋಡ್ಕೊಂಡೇ ಹತ್ತಿದ್ದು ನಾವು’ ಎಂದು ಇಡೀ ಬಸ್ಸೇ ಎದ್ದು ನಿಲ್ಲುತ್ತದೆ. ಕಂಪ್ಯೂಟರಿನ ಕೈಪಿಡಿ ದಾರಿ ತಪ್ಪಿಸಿದರೆ ಮಾತ್ರ ಜನ ತಮ್ಮ ತಲೆಯನ್ನೇ ಬೈದುಕೊಂಡು ಮನೆಗೆ ಹೋಗುತ್ತಾರೆ!

ವಿಜಯನಗರದ ಒಬ್ಬ ದಿನಸಿ ಅಂಗಡಿ ಮಾಲೀಕರು ಅಂದುಕೊಳ್ಳಿ. ಲೆಕ್ಕಕ್ಕೆ ಇಟ್ಟುಕೊಂಡಿರುವುದು ಲಿಬ್ರೆ ಆಫೀಸ್. ಕಾಸಿಲ್ಲದೆ ಸಿಗುವ ಮುಕ್ತ ತಂತ್ರಾಂಶ. ಅದರಲ್ಲಿ ಸೂತ್ರ ಬರೆಯುವಾಗ ನಡುವೆ ಹಾಕಬೇಕಾದ್ದು ಅಲ್ಪವಿರಾಮವೋ ಅರ್ಧವಿರಾಮವೋ ಎಂಬುದು ಸೆಟ್ಟಿಂಗ್ ಮೇಲೆ ಹೋಗುತ್ತದೆ. ಕೈಪಿಡಿ ಒಂದನ್ನೇ ಹೇಳಿ ಸುಮ್ಮನಾದರೆ? ಮಾಲೀಕರು ಹೇಳಿದ್ದನ್ನೇ ಒತ್ತುತ್ತಾರೆ, ಮೊತ್ತ ಬರಬೇಕಾದ ಜಾಗದಲ್ಲಿ ತಪ್ಪಿನ ಸಂಕೇತ ಬರುತ್ತದೆ. ಅತ್ತ ಜಿಎಸ್‌ಟಿ ಕಟ್ಟುವ ದಿನ ಹತ್ತಿರ, ಆಡಿಟರ್ ಫೋನ್ ಮೇಲೆ ಫೋನ್.

ದೂರು ಕೊಡೋದು ಯಾರಿಗೆ?

2010ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದ ಈ ತಂತ್ರಾಂಶವನ್ನು ನೋಡಿಕೊಳ್ಳುವುದು ಜರ್ಮನಿಯ ಡಾಕ್ಯುಮೆಂಟ್ ಫೌಂಡೇಶನ್. ದೂರು ಪುಸ್ತಕ ಎಲ್ಲರಿಗೂ ತೆರೆದಿದೆ. ‘ಹೆಲ್ಪ್’ ಮೆನುವಿನಲ್ಲಿ ‘ಸೆಂಡ್ ಫೀಡ್‌ಬ್ಯಾಕ್’ ಒತ್ತಿ, ಇ-ಮೇಲ್ ಕೊಟ್ಟು ಹೆಸರು ನೋಂದಾಯಿಸಿದರೆ ಆಯಿತು. ಕೈಪಿಡಿಯ ತಪ್ಪಿಗೂ ಅಲ್ಲಿ ಬೇರೆ ವಿಭಾಗವೇ ಇದೆ. ಇನ್ನು 1993ರಲ್ಲಿ ಶುರುವಾದ ಡೆಬಿಯನ್‌ನವರಿಗೆ ನೋಂದಣಿಯೂ ಬೇಡ, ಬರೀ ಒಂದು ಇ-ಮೇಲ್ ಸಾಕು.

‘ಕೈಪಿಡಿ ಸರಿಯಿಲ್ಲ, ಕೂಡಲೇ ಸರಿಪಡಿಸಿ’ ಎಂದಷ್ಟೇ ಬರೆದರೆ, ಮನೆ ನಂಬರ್ ಹಾಕದೆ ನಲ್ಲಿ ನೀರಿನ ದೂರು ಕೊಟ್ಟ ಹಾಗೆ. ಯಾವ ಪುಟ, ಅಲ್ಲಿ ಬರೆದಿರುವುದು ಏನು, ಹಾಗೇ ಮಾಡಿದಾಗ ಆದದ್ದು ಏನು, ಇದಿಷ್ಟು ಬೇಕೇಬೇಕು. ಮುಖ್ಯವಾಗಿ ಆವೃತ್ತಿಯ ಸಂಖ್ಯೆ. ಔಷಧಿ ಸ್ಟ್ರಿಪ್‌ನ ಬ್ಯಾಚ್ ನಂಬರ್ ಇದ್ದಂತೆ ಅದು. 24.2 ಎಂದರೆ 2024ರ ಫೆಬ್ರವರಿ. ಇಂಗ್ಲಿಷ್ ಹರಕುಮುರುಕಾದರೂ ಪರವಾಗಿಲ್ಲ, ಪರದೆಯ ಚಿತ್ರ ಜೊತೆಗಿದ್ದರೆ ಅರ್ಧ ಮಾತು ಅದೇ ಆಡುತ್ತದೆ.

ಕಗಪದ ಕಥೆ

ರಾಜಾಜಿನಗರದ ಡಿಟಿಪಿ ಅಂಗಡಿಗಳಲ್ಲಿ ‘ನುಡಿ’ಯಲ್ಲಿ ಕೈ ಪಳಗಿದವರಿಗೆ ಗೊತ್ತಿರುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಲಿನಕ್ಸ್‌ನಲ್ಲಿ ಅದೇ ಬಗೆಯದು ‘ಕಗಪ’ ಎಂಬ ಹೆಸರಲ್ಲಿ ಕೂತಿದೆ. ಕನ್ನಡ ಗಣಕ ಪರಿಷತ್ತಿನ ಹೆಸರು ಗಿಡ್ಡವಾಗಿ ಅಲ್ಲಿಗೂ ಹೋಗಿದೆ ನೋಡಿ! ಅರ್ಕಾವೊತ್ತು ಮೂಡಿಸುವ ಕೀಲಿಯನ್ನು ಯಾವುದೋ ಕೈಪಿಡಿ ತಪ್ಪಾಗಿ ಹೇಳಿದರೆ ಬರ್ಲಿನ್ನಿನವನಿಗೆ ಅದು ಕಾಣುವ ಮಾತೇ ಇಲ್ಲ. ಕಾಣುವುದು ಮದುವೆ ಪತ್ರಿಕೆ ಟೈಪ್ ಮಾಡುವ ಹುಡುಗಿಗೆ. ಅವಳು ಬಾಯಿ ಬಿಡದಿದ್ದರೆ ತಪ್ಪು ಅಲ್ಲೇ ಭದ್ರ.

ತಪ್ಪು ಹಿಡಿದವರಿಗೆ ದುಡ್ಡು ಕೊಟ್ಟ ಪುಣ್ಯಾತ್ಮನೂ ಉಂಟು. ಅಮೆರಿಕದ ಡೊನಾಲ್ಡ್ ನೂತ್ ತಮ್ಮ ಪುಸ್ತಕದ ಒಂದೊಂದು ತಪ್ಪಿಗೂ 2.56 ಡಾಲರ್ ಚೆಕ್ ಕಳಿಸುತ್ತಿದ್ದರು. ಪಡೆದವರಲ್ಲಿ ಅನೇಕರು ಬ್ಯಾಂಕಿಗೆ ಹಾಕದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದರು. ಚೆಕ್ಕಿನ ಮೇಲಿನ ಖಾತೆ ನಂಬರಿನಿಂದ ಮೋಸ ನಡೆಯತೊಡಗಿದ್ದರಿಂದ 2008ರಲ್ಲಿ ಅದು ನಿಂತು, ಈಗ ಬರೀ ಪ್ರಮಾಣಪತ್ರ. ಮಿಕ್ಕ ಕಡೆ ಸಾಮಾನ್ಯವಾಗಿ ಸಿಗುವುದು ಒಂದು ಥ್ಯಾಂಕ್ಸ್.

ದೂರು ಕೊಟ್ಟು ಮರೆತರೂ ಕೆಲಸ ಕೆಟ್ಟಿತು. ಸ್ವಯಂಸೇವಕರು ಮರುಪ್ರಶ್ನೆ ಕೇಳುತ್ತಾರೆ. ಉತ್ತರವಿಲ್ಲದೆ ತಿಂಗಳುಗಟ್ಟಲೆ ಕಳೆದರೆ ‘ಮಾಹಿತಿ ಸಾಲದು’ ಎಂದು ಕಡತ ಮುಚ್ಚುತ್ತಾರೆ.

ತಿದ್ದುಪಡಿ ಒಪ್ಪಿಗೆಯಾದರೂ ಅದು ಬರುವುದು ಮುಂದಿನ ಆವೃತ್ತಿಯ ಕೈಪಿಡಿಯಲ್ಲಿ. ಅಂಗಡಿ ಗೋಡೆಗೆ ಅಂಟಿಸಿದ ಹಳೆಯ ಜೆರಾಕ್ಸ್ ಹಾಳೆಯನ್ನು ಮಾಲೀಕರೇ ಕಿತ್ತು ಹಾಕಬೇಕು.