ಕತ್ತಿಯೋ, ಕಸರತ್ತೋ?

ಕಳೆದ ವರ್ಷ ಬೇಸಗೆಯ ರಜೆಯಲ್ಲಿ ನಾವು ಮನೆ ಬದಲಾಯಿಸಿದೆವು. ಬಾಡಿಗೆ ಮನೆಯಲ್ಲಿ ಬಾಳುವ ಅಧ್ಯಾಪಕನ ಆಸ್ತಿಯೆಂದರೆ ಪುಸ್ತಕಗಳು. ಆ ಆಸ್ತಿಗೆ ತೆರಿಗೆಯಿಲ್ಲ, ತೂಕ ಮಾತ್ರ ಉಂಟು. ಆಳುಗಳು ಪುಸ್ತಕಗಳನ್ನು ಹೇಗೆ ಹೇಗೋ ಎಸೆದಾರೆಂಬ ಭಯದಿಂದ ಹದಿನೇಳು ರಟ್ಟಿನ ಪೆಟ್ಟಿಗೆಗಳನ್ನು ನಾನೇ ಎರಡನೆಯ ಮಹಡಿಗೆ ಹೊತ್ತೆ. ಮರುದಿನ ಬೆಳಗ್ಗೆ ಬಚ್ಚಲುಮನೆಯಲ್ಲಿ ಕೆಮ್ಮು ಬಂದಾಗ, ಬಲತೊಡೆಯ ಸಂದಿನ ಮೇಲುಗಡೆ ನೆಲ್ಲಿಕಾಯಿ ಗಾತ್ರದ ಉಬ್ಬೊಂದು ಕೈಗೆ ತಗುಲಿತು. ನೋವಿರಲಿಲ್ಲ. ಹಾಸಿಗೆಯ ಮೇಲೆ ಅಂಗಾತ ಮಲಗಿದೊಡನೆ ಅದು ಮಾಯವಾಯಿತು. ಎದ್ದು ನಿಂತು ಕೆಮ್ಮಿದರೆ ಮತ್ತೆ ಪ್ರತ್ಯಕ್ಷ!

ಮೂರು ವಾರ ಈ ಸಂಗತಿಯನ್ನು ನನ್ನಾಕೆಗೂ ತಿಳಿಸಲಿಲ್ಲ. ಕೊನೆಗೊಂದು ಸಂಜೆ ಧೈರ್ಯ ತಂದುಕೊಂಡು ಶಸ್ತ್ರವೈದ್ಯರ ಬಳಿಗೆ ಹೋದೆ. ಹಳಗನ್ನಡದ ಕ್ಲಿಷ್ಟ ಪದ್ಯಗಳಿಗೆ ಹತ್ತು ವರ್ಷಗಳಿಂದ ಅರ್ಥ ಹೇಳುತ್ತಿರುವ ನನಗೆ, ಅವರೆದುರಿಗೆ ನನ್ನ ದೇಹದ ಒಂದು ಜಾಗವನ್ನು ಹೆಸರಿಸಲು ಮಾತೇ ಹೊರಡಲಿಲ್ಲ. ನಮ್ಮ ಸಮಾಜದಲ್ಲಿ ಎಷ್ಟೋ ಗಂಡಸರು ಈ ಸಂಕೋಚದಿಂದಲೇ ವರ್ಷಗಟ್ಟಲೆ ಕಾಯಿಲೆಯನ್ನು ಪಂಚೆಯ ಮರೆಯಲ್ಲಿ ಹೊತ್ತು ತಿರುಗುತ್ತಾರೆ. ವೈದ್ಯರು ನನ್ನನ್ನು ನಿಲ್ಲಿಸಿ ಕೆಮ್ಮಿಸಿದರು, ಮಲಗಿಸಿ ಪರೀಕ್ಷಿಸಿದರು, ಕೈ ತೊಳೆದುಕೊಂಡು ಬಂದು, “ಹರ್ನಿಯ. ಗಾಬರಿಯೇನಿಲ್ಲ. ಆದರೆ ಪುಸ್ತಕಗಳ ಮೇಲೆ ತಪ್ಪು ಹೊರಿಸಬೇಡಿ, ದಾರಿ ಮೊದಲೇ ಸಡಿಲವಾಗಿತ್ತು” ಎಂದರು.

ಏನಿದು ಸಡಿಲವಾದ ದಾರಿ? ಗಂಡುಶಿಶುವು ತಾಯಿಯ ಗರ್ಭದಲ್ಲಿರುವಾಗ ಅದರ ವೃಷಣಗಳು ಹೊಟ್ಟೆಯೊಳಗೆ ರೂಪುಗೊಳ್ಳುತ್ತವೆ. ಜನನಕ್ಕೆ ಮುನ್ನ ಅವು ಹೊಟ್ಟೆಯ ಗೋಡೆಯನ್ನು ದಾಟಿ ಕೆಳಗಿಳಿಯಬೇಕು. ಅವು ಇಳಿದುಬಂದ ಹಾದಿಯೇ ತೊಡೆಸಂದಿನ ನಾಳ; ವಯಸ್ಕರಲ್ಲಿ ಅದರ ಉದ್ದ ಸುಮಾರು 4 ಸೆಂಟಿಮೀಟರು. ಇಳಿಯುವಾಗ ಉದರದ ಒಳಪೊರೆಯ ಒಂದು ಚೀಲವೂ ಜೊತೆಯಲ್ಲಿ ಬರುತ್ತದೆ. ಸಾಮಾನ್ಯವಾಗಿ ಅದು ಮುಚ್ಚಿಹೋಗುತ್ತದೆ. ಕೆಲವರಲ್ಲಿ ಮುಚ್ಚದೆ ಉಳಿದು, ಮುಂದೊಂದು ದಿನ ಕರುಳಿನ ಸುರುಳಿಗೋ ಕೊಬ್ಬಿನ ಪದರಕ್ಕೋ ಹೆಬ್ಬಾಗಿಲಾಗುತ್ತದೆ. ಇನ್ನು ಕೆಲವರಲ್ಲಿ ವಯಸ್ಸಾದಂತೆ ನಾಳದ ಹಿಂಬದಿಯ ಗೋಡೆಯೇ ಸವೆದು ಉಬ್ಬುತ್ತದೆ. ದೀರ್ಘಕಾಲದ ಕೆಮ್ಮು, ಮಲಬದ್ಧತೆ, ಮೂತ್ರ ವಿಸರ್ಜನೆಗೆ ತಿಣುಕುವುದು, ಭಾರದ ಕೆಲಸ ಇವೆಲ್ಲ ಒಳಗಿನ ಒತ್ತಡವನ್ನು ಹೆಚ್ಚಿಸಿ ಆ ಬಾಗಿಲನ್ನು ತಳ್ಳುತ್ತವೆ. ಗಂಡಸರಲ್ಲಿ ನೂರಕ್ಕೆ ಸುಮಾರು 27 ಮಂದಿಗೂ ಹೆಂಗಸರಲ್ಲಿ ನೂರಕ್ಕೆ 3 ಮಂದಿಗೂ ಜೀವಮಾನದಲ್ಲಿ ಎಂದಾದರೊಮ್ಮೆ ಈ ಬಾಧೆ ತಗಲಬಹುದೆಂದು ಅಂದಾಜು. ಆದುದರಿಂದ ವಾಚಕರೇ, ಇದು ನಾಚಿಕೊಳ್ಳತಕ್ಕ ಅಪೂರ್ವ ವ್ಯಾಧಿಯಲ್ಲ.

ನಮ್ಮ ಪ್ರಾಚೀನರಿಗೂ ಇದು ಅಪರಿಚಿತವಾಗಿರಲಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಏಳು ಬಗೆಯ ‘ವೃದ್ಧಿ’ಗಳ ವಿವರಣೆಯಿದೆ, ಅವುಗಳಲ್ಲಿ ಕೊನೆಯದು ಅಂತ್ರವೃದ್ಧಿ. ಭಾರ ಹೊರುವುದು, ತನಗಿಂತ ಬಲಶಾಲಿಯೊಡನೆ ಸೆಣಸುವುದು, ಮರದಿಂದ ಬೀಳುವುದು ಇವು ಅದಕ್ಕೆ ಕಾರಣಗಳೆಂದು ಸುಶ್ರುತಾಚಾರ್ಯನ ಮತ. ಒತ್ತಿದರೆ ಉಬ್ಬು ಸದ್ದುಮಾಡುತ್ತ ಮೇಲಕ್ಕೆ ಸರಿಯುವುದನ್ನೂ, ಬಿಟ್ಟರೆ ಮತ್ತೆ ತುಂಬಿಕೊಳ್ಳುವುದನ್ನೂ ಆತನು ಕಣ್ಣಾರೆ ಕಂಡಂತೆ ವರ್ಣಿಸಿದ್ದಾನೆ. ಅಷ್ಟು ಬಲ್ಲ ಆಚಾರ್ಯನು ಕೊನೆಯಲ್ಲಿ ಈ ವ್ಯಾಧಿಯನ್ನು ಅಸಾಧ್ಯವೆಂದು ಕರೆದು ಕೈಬಿಟ್ಟಿದ್ದಾನೆ. ಆ ಮಾತನ್ನು ಗ್ರಂಥಾಲಯದಲ್ಲಿ ಕುಳಿತು ಓದಿದ ದಿನ ನನಗೆ ಊಟ ರುಚಿಸಲಿಲ್ಲ.

ಅಸಾಧ್ಯವನ್ನು ಸಾಧ್ಯವಾಗಿಸಿದವರಲ್ಲಿ ಇಟಲಿಯ ಎಡ್ವಾರ್ಡೊ ಬಸ್ಸೀನಿ ಮುಖ್ಯನು. ಆತನ ಕಥೆ ಕಾದಂಬರಿಯಂತಿದೆ. 1867ರಲ್ಲಿ, ತರುಣನಾಗಿದ್ದಾಗ, ರೋಮ್ ನಗರದ ಬಳಿ ಗ್ಯಾರಿಬಾಲ್ಡಿಯ ಪಕ್ಷದ ಸ್ವಯಂಸೇವಕರೊಡನೆ ಹೋರಾಡುತ್ತ ತೊಡೆಸಂದಿಗೇ ಬಂದೂಕಿನ ಸನೀನಿನ ಇರಿತಕ್ಕೆ ತುತ್ತಾದನು. ಬಹುಕಾಲ ನರಳಿ ಬದುಕುಳಿದವನು ಮುಂದೆ ಪಾದುವಾ ನಗರದಲ್ಲಿ ಶಸ್ತ್ರವೈದ್ಯನಾಗಿ, 1884ರಲ್ಲಿ ಅದೇ ಭಾಗದ ಗೋಡೆಯನ್ನು ಪದರ ಪದರವಾಗಿ ಹೊಲಿದು ಭದ್ರಪಡಿಸುವ ಕ್ರಮವನ್ನು ಆರಂಭಿಸಿದನು. ಅಲ್ಲಿಂದ ನೂರು ವರ್ಷಗಳ ತರುವಾಯ, ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಇರ್ವಿಂಗ್ ಲಿಕ್ಟನ್‌ಸ್ಟೈನ್ ಎಂಬವರು ಸ್ನಾಯುಗಳನ್ನು ಎಳೆದು ಹೊಲಿಯುವುದಕ್ಕೆ ಬದಲಾಗಿ ಕೃತಕ ನೂಲಿನ ಜಾಲರಿಯನ್ನು ತೇಪೆಯಂತೆ ಹಚ್ಚುವ ವಿಧಾನವನ್ನು ಬಳಕೆಗೆ ತಂದರು. ನಮ್ಮ ಪುಣೆಯ ಮೋಹನ ದೇಸರಡಾ ಅವರು ಜಾಲರಿಯೇ ಬೇಡವೆಂದು, ರೋಗಿಯ ಸ್ವಂತ ಸ್ನಾಯುಪೊರೆಯ ಪಟ್ಟಿಯಿಂದಲೇ ಗೋಡೆ ಕಟ್ಟುವ ಕ್ರಮವನ್ನು ರೂಪಿಸಿದ್ದಾರೆ. ಇಂದು ಜಗತ್ತಿನಲ್ಲಿ ವರ್ಷಕ್ಕೆ 2 ಕೋಟಿಗೂ ಮಿಕ್ಕಿ ಇಂಥ ಶಸ್ತ್ರಕ್ರಿಯೆಗಳು ನಡೆಯುತ್ತವೆ.

ಇಷ್ಟೆಲ್ಲ ತಿಳಿದ ಮೇಲೂ ನನ್ನ ಮನಸ್ಸು ಕತ್ತಿಯಿಂದ ದೂರ ಓಡುತ್ತಿತ್ತು. ಅಷ್ಟರಲ್ಲಿ ಹಿತೈಷಿಗಳು ಗುಂಪುಗೂಡಿದರು. ಒಬ್ಬರು ಶೀರ್ಷಾಸನವೆಂದರು, ಮತ್ತೊಬ್ಬರು ನೌಲಿಯೆಂದರು. ಮೂರನೆಯವರು ನಲವತ್ತೆಂಟು ದಿನಗಳಲ್ಲಿ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆಂದು ಆಣೆಯಿಟ್ಟು ಹೇಳಿದರು. ನಾನು ಮತ್ತೆ ವೈದ್ಯರಲ್ಲಿಗೆ ಹೋಗಿ ನೇರವಾಗಿ ಕೇಳಿದೆ: “ಕಸರತ್ತಿನಿಂದ ಇದು ವಾಸಿಯಾಗುವುದೇ?”

ಅವರು ಕೋಪಿಸಿಕೊಳ್ಳಲಿಲ್ಲ. “ಸ್ನಾಯು ಬೇರೆ, ಪೊರೆ ಬೇರೆ. ವ್ಯಾಯಾಮದಿಂದ ಬಲಿಯುವುದು ಸ್ನಾಯು. ನಿಮ್ಮಲ್ಲಿ ಸಡಿಲವಾಗಿರುವುದು ಪೊರೆಯಲ್ಲಿನ ಕಿಂಡಿ. ತೋಳನ್ನು ಎಷ್ಟು ಬಲಿಸಿದರೂ ಅಂಗಿಯ ತೋಳಿನ ಹರಕು ಕೂಡಿಕೊಳ್ಳುವುದಿಲ್ಲವಷ್ಟೆ? ವಯಸ್ಕರಲ್ಲಿ ವ್ಯಾಯಾಮದಿಂದ ಕಿಂಡಿ ಮುಚ್ಚಿತೆಂಬುದಕ್ಕೆ ನಂಬತಕ್ಕ ಪ್ರಮಾಣವಿಲ್ಲ. ಆದರೆ ಇಂದೇ ಶಸ್ತ್ರಕ್ರಿಯೆ ಆಗಲೇಬೇಕೆಂದೂ ಇಲ್ಲ” ಎಂದು ಹೇಳಿ, ಒಂದು ಪ್ರಸಿದ್ಧ ಪರೀಕ್ಷೆಯ ವಿಷಯವನ್ನು ವಿವರಿಸಿದರು.

ಉತ್ತರ ಅಮೆರಿಕದಲ್ಲಿ, ಬಾಧೆ ಇಲ್ಲದ ಅಥವಾ ಅತ್ಯಲ್ಪವಾಗಿದ್ದ 720 ಮಂದಿ ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಶಸ್ತ್ರಕ್ರಿಯೆ; ಇನ್ನೊಂದಕ್ಕೆ ಬರಿಯ ಎಚ್ಚರಿಕೆಯ ಕಾವಲು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಾದು ಕುಳಿತವರಲ್ಲಿ ಕರುಳು ಸಿಕ್ಕಿಕೊಂಡು ತುರ್ತು ಉಂಟಾದ ಪ್ರಮಾಣವು ಸಾವಿರ ಮಂದಿಗೆ ವರ್ಷಕ್ಕೆ ಎರಡಕ್ಕಿಂತಲೂ ಕಡಮೆ. ಕಾಯುವುದು ಅಪಾಯಕರವಲ್ಲವೆಂದು ಇದರಿಂದ ಸಿದ್ಧವಾಯಿತು. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಎರಡು ವರ್ಷಗಳಲ್ಲಿ ಕಾಯುವವರ ಪೈಕಿ ನೂರಕ್ಕೆ 23 ಮಂದಿ, ಹತ್ತು ವರ್ಷಗಳಾಗುವ ವೇಳೆಗೆ ನೂರಕ್ಕೆ ಸುಮಾರು 68 ಮಂದಿ, ಹೆಚ್ಚಾಗಿ ನೋವಿನ ಕಾರಣದಿಂದ ತಾವಾಗಿಯೇ ಶಸ್ತ್ರಕ್ರಿಯೆಗೆ ಒಪ್ಪಿಕೊಂಡರು. ಮತ್ತೊಂದು ಕಡೆ, ಶಸ್ತ್ರಕ್ರಿಯೆಯೂ ಸಂಪೂರ್ಣ ನಿರಪಾಯವಲ್ಲ. ನೂರರಲ್ಲಿ ಸುಮಾರು ಹತ್ತು ಮಂದಿಗೆ ಆ ಬಳಿಕವೂ ತಿಂಗಳುಗಟ್ಟಲೆ ಗಣನೀಯವಾದ ನೋವು ಉಳಿಯಬಹುದು. ತಕ್ಕಡಿಯ ಎರಡು ತಟ್ಟೆಗಳೂ ಖಾಲಿಯಿಲ್ಲ. ಬಾಧೆಯಿಲ್ಲದವನಿಗೆ ಕಾಯುವ ಸ್ವಾತಂತ್ರ್ಯ ಉಂಟು. ಆದರೆ ಕಾಯುವುದೆಂದರೆ ಮರೆಯುವುದಲ್ಲ.

ಹೀಗೆ ವೈದ್ಯರ ಒಪ್ಪಿಗೆಯನ್ನು ಪಡೆದೇ ನಾನು ಕಾಯಲು ನಿಶ್ಚಯಿಸಿದೆ. ಅವರು ಕಳುಹಿಸಿದ ವ್ಯಾಯಾಮ ಚಿಕಿತ್ಸಕಿ ಮೊದಲ ದಿನವೇ ನನ್ನ ಹಿತೈಷಿಗಳ ಪಟ್ಟಿಯನ್ನು ಹೊಡೆದುಹಾಕಿದರು. ಕಪಾಲಭಾತಿ, ಭಸ್ತ್ರಿಕಾ, ನೌಲಿ, ಮಯೂರಾಸನ, ಧನುರಾಸನ, ಮಲಗಿ ಏಳುವ ಬಸ್ಕಿ, ಭಾರ ಎತ್ತುವುದು ಇವೆಲ್ಲವೂ ಹೊಟ್ಟೆಯ ಒತ್ತಡವನ್ನು ಏರಿಸತಕ್ಕವು, ಆದುದರಿಂದ ವರ್ಜ್ಯ. ಉಳಿದುದು ನೋಡಲು ಬಹು ಸಾಧಾರಣ. ಅಂಗಾತ ಮಲಗಿ ಮಂಡಿಗಳನ್ನು ಮಡಚಿ, ಉಸಿರು ಬಿಡುತ್ತ ಹೊಕ್ಕುಳಿನ ಕೆಳಭಾಗವನ್ನು ಮೆಲ್ಲನೆ ಒಳಕ್ಕೆಳೆದು, ಐದು ಎಣಿಸಿ ಸಡಿಲಿಸುವುದು. ಅದೇ ಭಂಗಿಯಲ್ಲಿ ಸೊಂಟವನ್ನು ಸೇತುವೆಯಂತೆ ಎತ್ತಿ ಇಳಿಸುವುದು. ಮಂಡಿಗಳ ನಡುವೆ ದಿಂಬನ್ನಿಟ್ಟು ಹಿತವಾಗಿ ಒತ್ತುವುದು. ಸಂಜೆ ಗೋಡೆಗೆ ಕಾಲು ಚಾಚಿ ಹತ್ತು ನಿಮಿಷ ವಿಶ್ರಾಂತಿ. ದಿನವೂ ಮುಕ್ಕಾಲು ಗಂಟೆಯ ನಡಿಗೆ. ಉಬ್ಬು ಹೊರಬಂದಿದ್ದರೆ, ಮಲಗಿ ಅದು ಒಳಕ್ಕೆ ಸರಿದ ಮೇಲೆಯೇ ಅಭ್ಯಾಸ; ನೋವು ಕಂಡರೆ ಅಲ್ಲಿಗೇ ನಿಲುಗಡೆ.

ವ್ಯಾಯಾಮಕ್ಕಿಂತ ಕಷ್ಟವಾದುದು ಅಭ್ಯಾಸಗಳ ಬದಲಾವಣೆ. ನೀರಿನ ಕೊಡ ಎತ್ತುವಾಗ ಉಸಿರು ಕಟ್ಟದೆ ಬಿಡುತ್ತ ಎತ್ತುವುದನ್ನು ಕಲಿತೆ. ಕೆಮ್ಮು ಬಂದಾಗ ಅಂಗೈಯಿಂದ ಆ ಜಾಗವನ್ನು ಒತ್ತಿಹಿಡಿಯುವುದು ರೂಢಿಯಾಯಿತು. ಮಲಬದ್ಧತೆ ಸುಳಿಯದಂತೆ ಸೊಪ್ಪು, ತರಕಾರಿ, ಧಾರಾಳ ನೀರು. ಸಿಗರೇಟಿಗೆ ಶಾಶ್ವತ ವಿದಾಯ. ನಿಂತೇ ಪಾಠ ಹೇಳುತ್ತಿದ್ದ ನಾನು ತರಗತಿಗೆ ಒಂದು ಎತ್ತರದ ಸ್ಟೂಲನ್ನು ತರಿಸಿದೆ. ವಿದ್ಯಾರ್ಥಿಗಳು ಅದಕ್ಕೆ ‘ಸಿಂಹಾಸನ’ವೆಂದು ಹೆಸರಿಟ್ಟರಂತೆ! ತೂಕ 78 ಕಿಲೋಗ್ರಾಮಿನಿಂದ 72ಕ್ಕೆ ಇಳಿಯಿತು. ಒಂದು ವರ್ಷವಾದ ಮೇಲೆ ಲೆಕ್ಕ ಹೀಗಿದೆ: ಸಂಜೆಯ ಹೊತ್ತು ಕಾಡುತ್ತಿದ್ದ ಎಳೆತ ಬಹುಮಟ್ಟಿಗೆ ಹೋಗಿದೆ, ಉಬ್ಬು ಬೆಳೆದಿಲ್ಲ. ಆದರೆ ಉಬ್ಬು ಹೋಗಿಯೂ ಇಲ್ಲ. ಕೆಮ್ಮಿದರೆ ಇಂದಿಗೂ ಕೈಗೆ ತಗುಲುತ್ತದೆ. ಕಸರತ್ತಿನಿಂದ ಹರ್ನಿಯ ವಾಸಿಯಾಯಿತೆಂದು ನಾನು ಬರೆದರೆ ಅದು ಸುಳ್ಳಾದೀತು.

ಆ ಸುಳ್ಳಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆಂಬುದನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ಮಲೆನಾಡಿನಲ್ಲಿ ಅಡಕೆ ತೋಟ ಮಾಡಿಕೊಂಡಿದ್ದ ನಮ್ಮ ದೊಡ್ಡಪ್ಪನವರಿಗೆ ಹನ್ನೆರಡು ವರ್ಷ ಇದೇ ತೊಂದರೆಯಿತ್ತು. ಸೊಂಟಕ್ಕೆ ಚರ್ಮದ ಪಟ್ಟಿ ಬಿಗಿದುಕೊಂಡು, ಯಾರೋ ಹೇಳಿಕೊಟ್ಟ ಸಾಧನೆಯನ್ನು ಮಾಡುತ್ತ, “ಗುಣವಾಗುತ್ತಿದೆ” ಎಂದೇ ಎಲ್ಲರಿಗೂ ಹೇಳುತ್ತಿದ್ದರು. ಮದುವೆಯೊಂದರ ಓಡಾಟ ಮುಗಿಸಿ ಬಂದ ರಾತ್ರಿ ಉಬ್ಬು ಒಳಕ್ಕೆ ಹೋಗಲೊಲ್ಲದೆ ಕಲ್ಲಿನಂತೆ ಬಿಗಿಯಿತು. ಹೊಟ್ಟೆ ನುಲಿದು ವಾಂತಿಯಾಯಿತು. ದೊಡ್ಡಮ್ಮ ಪಕ್ಕದ ಮನೆಯವರನ್ನು ಎಬ್ಬಿಸಹೊರಟರೆ, “ಬೆಳಗಾಗಲಿ, ಈ ಹೊತ್ತಿನಲ್ಲಿ ಯಾರಿಗೂ ತೊಂದರೆ ಕೊಡಬೇಡ” ಎಂದು ತಡೆದರಂತೆ. ಪಟ್ಟಣದ ಆಸ್ಪತ್ರೆಯನ್ನು ಸೇರುವಾಗ ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಸಿಕ್ಕಿಬಿದ್ದ ಕರುಳಿಗೆ ರಕ್ತಸಂಚಾರ ನಿಂತು, ಒಂದು ಗೇಣಿನಷ್ಟು ಕಪ್ಪಾಗಿತ್ತು; ಅದನ್ನು ಕತ್ತರಿಸಿ ತೆಗೆಯಬೇಕಾಯಿತು. ಜೀವ ಉಳಿಯಿತು. ಆದರೆ ಆ ಬಳಿಕ ಅವರು ತೋಟದ ಇಳಿಜಾರನ್ನು ಒಂಟಿಯಾಗಿ ಇಳಿದುದನ್ನು ನಾನು ಕಾಣಲಿಲ್ಲ.

ಆದಕಾರಣ ಕೆಲವು ಮಾತುಗಳನ್ನು ಖಚಿತವಾಗಿ ಹೇಳಿಬಿಡುತ್ತೇನೆ. ಮಕ್ಕಳ ಹರ್ನಿಯಕ್ಕೆ ವ್ಯಾಯಾಮವೆಂಬ ಮಾತೇ ಸಲ್ಲದು. ಕರುಳು ಸಿಕ್ಕಿಕೊಳ್ಳುವ ಭಯ ಎಳೆಯ ಶಿಶುಗಳಲ್ಲಿ ಹೆಚ್ಚು, ಅದಕ್ಕೆ ಶಸ್ತ್ರಕ್ರಿಯೆಯೇ ಮಾರ್ಗ. ಹೆಂಗಸರಲ್ಲಿ ಈ ಜಾಗದ ಉಬ್ಬು ಪಕ್ಕದ ಇನ್ನೊಂದು ಇಕ್ಕಟ್ಟಾದ ದಾರಿಯಿಂದ ಇಳಿದದ್ದಾಗಿರಬಹುದು. ಅದು ಬೇಗ ಸಿಕ್ಕಿಕೊಳ್ಳುವಂಥದು. ಅವರೂ ಕಾಯಬಾರದು. ಗಂಡಸರಲ್ಲಿ ಕೂಡ ನೋವು ಹೆಚ್ಚುತ್ತಿದ್ದರೆ, ಉಬ್ಬು ಬೆಳೆಯುತ್ತಿದ್ದರೆ, ಮಲಗಿದಾಗ ಒಳಕ್ಕೆ ಸರಿಯದಿದ್ದರೆ ಕಾಯುವ ಕಾಲ ಮುಗಿಯಿತೆಂದೇ ತಿಳಿಯತಕ್ಕದ್ದು. ಉಬ್ಬು ಇದ್ದಕ್ಕಿದ್ದಂತೆ ಬಿಗಿದು ನೋಯತೊಡಗಿದರೆ, ಅದರ ಮೇಲಿನ ಚರ್ಮ ಕೆಂಪಾದರೆ, ವಾಂತಿಯಾದರೆ, ವಾಯುವೂ ಮಲವೂ ತಡೆದು ನಿಂತರೆ, ಅದನ್ನು ಬಲವಂತವಾಗಿ ಒತ್ತಿ ಒಳತಳ್ಳಲು ಹೋಗದೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೊರಡಬೇಕು.

ನಾನು ಎಷ್ಟು ವರ್ಷ ಹೀಗೆ ಕಾಯುವೆನೆಂಬುದನ್ನು ಹೇಳಲಾರೆ. ಆ ನೂರಕ್ಕೆ 68ರ ಲೆಕ್ಕದಲ್ಲಿ ಒಂದು ದಿನ ನಾನೂ ಸೇರಬಹುದು. ಸೇರಿದರೆ ಸೋಲೆಂದು ಭಾವಿಸುವುದಿಲ್ಲ. ಬಲಿತ ಸ್ನಾಯುಗಳು, ಇಳಿದ ತೂಕ, ಬಿಟ್ಟ ಸಿಗರೇಟು ಆ ದಿನಕ್ಕೂ ಉಪಕಾರವೇ. ಅಲ್ಲಿಯವರೆಗೆ ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಿ ಬರುತ್ತೇನೆ. ಮೇಲಿನ ಲಕ್ಷಣಗಳೆಲ್ಲವನ್ನೂ ಒಂದು ಕಾಗದದ ಮೇಲೆ ಬರೆದು ನನ್ನಾಕೆಯ ಕೈಗೆ ಕೊಟ್ಟಿದ್ದೇನೆ. ಅವಳು ಅದನ್ನು ಅಡುಗೆಮನೆಯಲ್ಲಿ ಕ್ಯಾಲೆಂಡರಿನ ಪಕ್ಕಕ್ಕೆ ಅಂಟಿಸಿ, ಕೆಳಗೆ ತನ್ನ ಕೈಯಿಂದಲೇ ಒಂದು ಸಾಲು ಸೇರಿಸಿದ್ದಾಳೆ: “ಬೆಳಗಾಗಲಿ ಎಂದರೆ ನಾನು ಕೇಳುವುದಿಲ್ಲ.”